ಪರದೇಶಿಯ ಓಲೆ

ಬೈಲಹೊಂಗಲವನ್ನು ದಾಟಿ ಯರಗಟ್ಟಿಯ ಕಡೆಗೆ ಹೊರಟವರಿಗೆ ನಡುವೆ ಮುರಗೋಡವು ಸಿಗುತ್ತದೆ. ಚಿದಂಬರ ದೀಕ್ಷಿತರ ಊರೆಂದು ಕೆಲವರು, ಮಹಾಂತ ಶಿವಯೋಗಿಗಳ ಮಠದ ಊರೆಂದು ಕೆಲವರು ಇದನ್ನು ನೆನೆಯುವರು. ಸುತ್ತಲೂ ಜೋಳ, ಹತ್ತಿಗಳ ನೆಲ. ಈ ಊರಿಗೆ ರೈಲು ಬರಲಿಲ್ಲ. ಆದರೆ ಈ ಊರಿನ ಮಕ್ಕಳು ಬೆಳಗಾವಿ ಧಾರವಾಡಗಳಲ್ಲಿ ಓದಿ, ಪುಣೆ ಬೆಂಗಳೂರುಗಳಲ್ಲಿ ಕೆಲಸಕ್ಕೆ ನಿಂತು, ಅಲ್ಲಿಂದ ಕಡಲು ದಾಟಿ ಹೋಗುವುದು ಈಗ ಅಚ್ಚರಿಯ ಮಾತಾಗಿ ಉಳಿದಿಲ್ಲ. ನಿಮ್ಮ ಮನೆಯಿಂದಲೂ ಒಬ್ಬರು ಹೋಗಿರಬಹುದು.

ಅಂಥ ಹುಡುಗನೊಬ್ಬ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ವಿಮಾನದಿಂದ ಇಳಿದನೆನ್ನಿರಿ. ಬೆಂಚಿನ ಮೇಲೆ ಕುಳಿತು, ಚೀಲದಿಂದ ಲ್ಯಾಪ್‌ಟಾಪ್ ತೆಗೆದು, ಕಿಸೆಯ ಮೊಬೈಲಿಗೆ ಅದನ್ನು ಜೋಡಿಸಿ, ಮುರಗೋಡದ ಮನೆಯ ಪಡಸಾಲೆಯಲ್ಲಿ ಕುಳಿತ ತಾಯಿಯ ಮುಖವನ್ನು ನೋಡುತ್ತಾನೆ. ತಂತಿಯಿಲ್ಲ, ಗುರುತಿನವರಿಲ್ಲ, ಅಲ್ಲಿಯ ಭಾಷೆಯೂ ಬಾರದು. ಹಾಗಿದ್ದರೂ ಪರದೇಶದ ಗಾಳಿಯು ಇವನನ್ನು ಗುರುತಿಸಿ ಇವನ ಮಾತನ್ನು ಹೊತ್ತುಕೊಂಡು ಬರುತ್ತದೆ. ಅದು ಹೇಗೆ? ಹೊತ್ತು ತಂದುದಕ್ಕೆ ಕೂಲಿ ಕೊಡುವವರು ಯಾರು? ಈ ಕೂಲಿ ಕೆಲವು ವರ್ಷಗಳ ಹಿಂದೆ ಮನೆ ಮುಳುಗಿಸುವಷ್ಟು ಏಕೆ ಇದ್ದಿತು? ಇವು ಹೊಸ ಪ್ರಶ್ನೆಗಳೆಂದು ಬಗೆಯಬೇಡಿರಿ. ಅಂಚೆಯ ಕಾಲದಿಂದಲೂ ಊರು ಬಿಟ್ಟವರು ಕೇಳುತ್ತ ಬಂದ ಪ್ರಶ್ನೆಗಳೇ ಇವು. ಆದುದರಿಂದ ಉತ್ತರವನ್ನೂ ಅಲ್ಲಿಂದಲೇ ಹುಡುಕುತ್ತ ಬರೋಣ.

1854ಕ್ಕಿಂತ ಮೊದಲು ಕಂಪನಿ ಸರಕಾರದ ಟಪಾಲಿನಲ್ಲಿ ಕಾಗದದ ದರವು ದೂರಕ್ಕೆ ತಕ್ಕಂತೆ ಏರುತ್ತಿತ್ತು. ಹತ್ತಿರದ ಊರಿಗೆ ಒಂದು ದರ, ಮುಂಬಯಿಗೆ ಒಂದು ದರ, ಕಲಕತ್ತೆಗೆ ಇನ್ನೊಂದು. ಬಡವನ ಮಗನು ದೂರ ಹೋದಷ್ಟೂ ಅವನ ಸುದ್ದಿಯು ತುಟ್ಟಿಯಾಗುತ್ತಿತ್ತು. ಆ ವರ್ಷದ ಅಂಚೆ ಕಾಯಿದೆಯು ಈ ಲೆಕ್ಕವನ್ನು ತೊಡೆದುಹಾಕಿತು. ಅಕ್ಟೋಬರ್ 1ರಿಂದ ಕಾಲು ತೊಲೆಯ ಕಾಗದಕ್ಕೆ ಅರ್ಧ ಆಣೆಯ ಚೀಟಿ. ಅದು ಪಕ್ಕದ ತಾಲ್ಲೂಕಿಗೆ ಹೋಗಲಿ, ದೇಶದ ಇನ್ನೊಂದು ಮೂಲೆಗೆ ಹೋಗಲಿ, ದರವೊಂದೇ. ತೂಕಕ್ಕೆ ಬೆಲೆಯುಂಟು, ದೂರಕ್ಕೆ ಬೆಲೆಯಿಲ್ಲ ಎಂಬ ಈ ತತ್ತ್ವವು ನೋಡಲಿಕ್ಕೆ ಸಣ್ಣದು. ಆದರೆ ಊರು ಬಿಟ್ಟವನ ಮನೆಗೆ ಇದಕ್ಕಿಂತ ದೊಡ್ಡ ಉಪಕಾರವನ್ನು ಯಾವ ಕಾಯಿದೆಯೂ ಮಾಡಿರಲಿಕ್ಕಿಲ್ಲ.

ಇದು ದೇಶದೊಳಗಿನ ಮಾತಾಯಿತು. ಕಡಲಾಚೆಗೆ? ಅಲ್ಲಿ ಒಂದೊಂದು ದೇಶವೂ ಇನ್ನೊಂದರೊಡನೆ ಬೇರೆ ಬೇರೆ ಒಪ್ಪಂದ ಮಾಡಿಕೊಂಡಿದ್ದಿತು. ಕಾಗದವು ಹಾದುಹೋಗುವ ದಾರಿಯ ಮೇಲೆ ಅದರ ದರವು ನಿಂತಿತ್ತು. ಈ ಗೋಜಲನ್ನು ಬಿಡಿಸಲೆಂದು 22 ದೇಶಗಳು ಸ್ವಿಟ್ಸರ್ಲೆಂಡಿನ ಬರ್ನ್ ನಗರದಲ್ಲಿ ಕೂಡಿ, 1874ರ ಅಕ್ಟೋಬರ್ 9ರಂದು ಒಂದು ಅಂಚೆಯ ಒಕ್ಕೂಟವನ್ನು ಕಟ್ಟಿದುವು. ಹಿಂದುಸ್ತಾನವು 1876ರ ಜುಲೈ 1ರಂದು ಅದರೊಳಗೆ ಸೇರಿತು. ಆ ಒಕ್ಕೂಟದ ಮೂಲ ಮಾತು ಇಷ್ಟೆ: ಸದಸ್ಯ ದೇಶಗಳೆಲ್ಲ ಕೂಡಿ ಅಂಚೆಯ ಮಟ್ಟಿಗೆ ಒಂದೇ ನಾಡು. ಯಾವ ದೇಶದಲ್ಲಿ ಚೀಟಿ ಮಾರಿತೋ ಆ ದೇಶವು ಹಣವನ್ನು ಇಟ್ಟುಕೊಳ್ಳಬೇಕು. ಕಾಗದವು ತಲುಪಿದ ದೇಶವು ಅದನ್ನು ಬೇರೆ ಕೂಲಿ ಕೇಳದೆ ಮನೆಗೆ ಮುಟ್ಟಿಸಬೇಕು. ಹೋದ ಕಾಗದಕ್ಕೆ ಒಂದು ಉತ್ತರ ಬಂದೇ ಬರುವುದರಿಂದ ಕೊನೆಗೆ ಲೆಕ್ಕ ಸರಿಹೋಗುತ್ತದೆಂಬ ನಂಬಿಗೆ ಇದರ ಹಿಂದೆ ಇದ್ದಿತು. ನಮ್ಮ ಹಳ್ಳಿಗಳಲ್ಲಿ ಒಬ್ಬರ ಹೊಲಕ್ಕೆ ಇನ್ನೊಬ್ಬರು ಮುಯ್ಯಾಳಾಗಿ ಹೋಗುವುದಿಲ್ಲವೆ? ಅದೇ ನ್ಯಾಯ. ದೇಶ ದೇಶಗಳ ನಡುವಿನ ಈ ಮುಯ್ಯವು 1969ರ ಟೋಕಿಯೋ ಸಮ್ಮೇಳನದಲ್ಲಿ ತಲುಪಿಸುವ ಕೂಲಿಯನ್ನು ಗೊತ್ತುಪಡಿಸುವವರೆಗೆ, ಅಂದರೆ ಸುಮಾರು ಒಂದು ಶತಮಾನ ನಡೆಯಿತು.

ದರವು ಇಳಿದರೂ ಕಾಲವು ಮಾತ್ರ ಇಳಿದಿರಲಿಲ್ಲ. ಸವಣೂರಿನಲ್ಲಿ ಹುಟ್ಟಿ ಧಾರವಾಡದಲ್ಲಿ ಓದಿದ ವಿನಾಯಕ ಕೃಷ್ಣ ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಹೋದಾಗ ಹಡಗಿನ ಟಪಾಲು ಮುಂಬಯಿಯಿಂದ ಲಂಡನ್ನು ಮುಟ್ಟಲು ಎರಡು ವಾರಗಳು ಬೇಕಾಗುತ್ತಿದ್ದುವು. ಪ್ರಶ್ನೆಗೆ ಉತ್ತರ ಬರಬೇಕಾದರೆ ಒಂದು ತಿಂಗಳು. ಅಷ್ಟು ಹೊತ್ತಿಗೆ ವಿಮಾನದ ಅಂಚೆಯು ಆರಂಭವಾಗಿತ್ತೆನ್ನಿರಿ. ಲಂಡನ್ನಿನಿಂದ ಕರಾಚಿಗೆ 1929ರಲ್ಲಿ ವಿಮಾನಮಾರ್ಗ ತೆರೆಯಿತು; 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ತಾವೇ ವಿಮಾನ ನಡೆಸಿ ಟಪಾಲು ತಂದರು. ಅಲ್ಲಿಂದ ಅದನ್ನು ನೆವಿಲ್ ವಿನ್ಸೆಂಟ್ ಎಂಬವರು ನಮ್ಮ ಬಳ್ಳಾರಿಯಲ್ಲಿ ಇಳಿದು ಮದರಾಸಿಗೆ ಒಯ್ದರು. ವಿಲಾಯತಿಯ ಓಲೆಯು ಆಕಾಶದಿಂದ ಕನ್ನಡ ನೆಲಕ್ಕೆ ಇಳಿದ ಬಗೆ ಇದು.

ಪ್ರಯಾಣದಲ್ಲಿ ಇರುವವನಿಗೆ ಇನ್ನೊಂದು ತೊಡಕು ಉಂಟು. ಇಂದು ಒಂದೂರು, ನಾಳೆ ಒಂದೂರು. ಮನೆಯವರು ಯಾವ ಪತ್ತೆಗೆ ಬರೆಯಬೇಕು? ಇದಕ್ಕೆಂದು ಅಂಚೆಯವರು ಒಂದು ಏರ್ಪಾಡು ಮಾಡಿದ್ದರು. ಹೆಸರಿನ ಕೆಳಗೆ ಊರನ್ನು ಬರೆದು 'ಪೋಸ್ಟ್ ರೆಸ್ಟಾಂಟ್' ಎಂದು ಸೇರಿಸಿದರೆ, ಕಾಗದವು ಆ ಊರಿನ ಅಂಚೆಮನೆಯಲ್ಲಿಯೇ ಕಾದಿರುತ್ತಿತ್ತು. ಪ್ರಯಾಣಿಕನು ಹೋಗಿ, ತಾನು ಯಾರೆಂಬುದನ್ನು ತೋರಿಸಿ, ಬಿಡಿಸಿಕೊಂಡು ಬರಬೇಕು. ಎರಡು ಸಂಗತಿಗಳನ್ನು ಇಲ್ಲಿ ಗಮನಿಸಿರಿ. ಅವನು ಎಲ್ಲಿದ್ದಾನೆಂಬುದು ಮನೆಗೆ ಗೊತ್ತಿರಬೇಕು. ಅವನು ಯಾರೆಂಬುದು ಅಲ್ಲಿಯವರಿಗೆ ಗೊತ್ತಾಗಬೇಕು. ಮುಂದೆ ಮೊಬೈಲಿನ ಮಾತು ಬಂದಾಗ ಇವೆರಡೂ ಮತ್ತೆ ಬರುವುವು.

ಅಂಚೆಯ ಮಗ್ಗುಲಲ್ಲಿಯೇ ತಂತಿಯೂ ಬೆಳೆಯಿತು; ಆದರೆ ಅದರ ಗುಣವೇ ಬೇರೆ. 1870ರಲ್ಲಿ ಮುಂಬಯಿಯಿಂದ ಏಡನ್, ಸುಯೆಜ್‌ಗಳ ಮೇಲೆ ಹಾಯ್ದು ಇಂಗ್ಲೆಂಡಿನವರೆಗೆ ಸಮುದ್ರದ ತಳದಲ್ಲಿ ಕೇಬಲ್ಲು ಬಿದ್ದಿತು. 1927ರಲ್ಲಿ ಪುಣೆಯ ಕಡೆಯ ಖಡಕಿ, ದೌಂಡಗಳಿಂದ ಬಿನತಂತಿಯ ಸಂಪರ್ಕವೂ, 1933ರಲ್ಲಿ ಮುಂಬಯಿ ಲಂಡನ್ನುಗಳ ನಡುವೆ ರೇಡಿಯೋ ಮೂಲಕ ಟೆಲಿಫೋನೂ ಆದುವು. ತಿಂಗಳಿನ ಮಾತು ಗಳಿಗೆಯ ಮಾತಾಯಿತು. ಆದರೆ ಇಲ್ಲಿ ಪದಕ್ಕೊಂದು ಬೆಲೆ, ನಿಮಿಷಕ್ಕೊಂದು ಬೆಲೆ, ದೂರಕ್ಕೂ ಬೆಲೆ. ತಂತಿಯಲ್ಲಿ ಪತ್ತೆಯ ಪದಗಳನ್ನೂ ಎಣಿಸಿ ಹಣ ತೆಗೆದುಕೊಳ್ಳುತ್ತಿದ್ದರು. ಆದುದರಿಂದಲೇ ಹುಟ್ಟು, ಸಾವು, ಪರೀಕ್ಷೆಯ ಫಲ, ಇಷ್ಟಕ್ಕೆ ಮಾತ್ರ ತಂತಿ. ಅಂಚೆಯವನು ತಂತಿಯ ಲಕೋಟೆ ಹಿಡಿದು ಅಂಗಳಕ್ಕೆ ಬಂದರೆ ಓದುವ ಮೊದಲೇ ಮನೆಯವರ ಎದೆ ನಡುಗುತ್ತಿದ್ದುದನ್ನು ನಿಮ್ಮಲ್ಲಿ ಹಿರಿಯರಾದವರು ಬಲ್ಲರು. ಆ ತಂತಿಯ ಸೇವೆಯೂ ನಮ್ಮ ದೇಶದಲ್ಲಿ 2013ರ ಜುಲೈಯಲ್ಲಿ ನಿಂತುಹೋಯಿತು.

ಹೀಗೆ ಸುದ್ದಿಯನ್ನು ಹೊರುವ ಲೋಕದಲ್ಲಿ ಎರಡು ಸಂಪ್ರದಾಯಗಳು ನಿಂತುವು. ಒಂದು ಅಂಚೆಯದು: ಲೋಕವೆಲ್ಲ ಒಂದು ನಾಡು, ಮನೆಯ ದರವೇ ದರ. ಇನ್ನೊಂದು ತಂತಿಯದು: ದೂರ ಹೋದಷ್ಟೂ, ಮಾತು ಬೆಳೆದಷ್ಟೂ ಕೊಡು. ಮೊಬೈಲಿನ ಇಂಟರ್‌ನೆಟ್ಟು ಹುಟ್ಟಿದಾಗ ಅದು ಈ ಎರಡರಲ್ಲಿ ತಂತಿಯ ಮಗನಾಗಿಯೇ ಹುಟ್ಟಿತು. ಇದೇ ಅದರ ಕತೆಯ ತಿರುಳು.

ನಮ್ಮ ದೇಶದಲ್ಲಿ 1995ರ ಜುಲೈ 31ರಂದು ಮೊದಲ ಮೊಬೈಲ್ ಮಾತುಕತೆ ಕಲಕತ್ತೆ ದಿಲ್ಲಿಗಳ ನಡುವೆ ನಡೆಯಿತು. ಅದೇ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಇಂಟರ್‌ನೆಟ್ಟನ್ನು ತೆರೆಯಿತು. ಎರಡು ವಾರಗಳ ಅಂತರದಲ್ಲಿ ಹುಟ್ಟಿದ ಈ ಎರಡು ಕೂಸುಗಳು ಕೈಕೈ ಹಿಡಿಯಲು ಕೆಲವು ವರ್ಷಗಳೇ ಬೇಕಾದುವು. ಅಲ್ಲಿಯವರೆಗೆ ಲ್ಯಾಪ್‌ಟಾಪ್ ಹೊತ್ತು ಪರದೇಶಕ್ಕೆ ಹೋದವನು ಹೋಟೆಲಿನ ಟೆಲಿಫೋನಿನ ತಂತಿಯನ್ನು ಕಿತ್ತು ಅದಕ್ಕೆ ಚುಚ್ಚಿಕೊಳ್ಳಬೇಕು. ಒಂದೊಂದು ದೇಶದ ಗೋಡೆಯ ತೂತಿಗೆ ಒಂದೊಂದು ಆಕಾರವಾದುದರಿಂದ ಚೀಲದ ತುಂಬ ಬಗೆಬಗೆಯ ಪ್ಲಗ್ಗುಗಳನ್ನು ಒಯ್ಯಬೇಕು. ಇಲ್ಲವೆ ಸೈಬರ್ ಕೆಫೆಯನ್ನು ಹುಡುಕಬೇಕು. ಇತ್ತ ಊರಿನಲ್ಲಿ ಎಸ್.ಟಿ.ಡಿ. ಬೂತಿನ ಮುಂದೆ ರಾತ್ರಿ ಹನ್ನೊಂದು ಹೊಡೆಯುವುದನ್ನು ಕಾಯುತ್ತ ಜನ ನಿಲ್ಲುತ್ತಿದ್ದರು; ಆ ಹೊತ್ತಿನ ಮೇಲೆ ದೂರದ ಮಾತಿಗೆ ಕಾಲು ಭಾಗದ ದರ!

ಅಷ್ಟರಲ್ಲಿ ಯುರೋಪಿನಲ್ಲಿ ಮೊಬೈಲಿನವರು ಒಂದು ಜಾಣತನದ ಕೆಲಸ ಮಾಡಿದ್ದರು. 1987ರಲ್ಲಿ 13 ದೇಶಗಳವರು ಕೋಪನ್‌ಹೇಗನ್ನಿನಲ್ಲಿ ಕೂಡಿ, ಎಲ್ಲರೂ ಒಂದೇ ಪದ್ಧತಿಯ ಮೊಬೈಲ್ ಜಾಲವನ್ನು ಕಟ್ಟುವುದಾಗಿ ಒಪ್ಪಿದರು. ಜಿ.ಎಸ್.ಎಂ. ಎಂಬ ಈ ಪದ್ಧತಿಯ ಮೊದಲ ಜಾಲವು 1991ರಲ್ಲಿ ಫಿನ್ಲೆಂಡಿನಲ್ಲಿ ಮಾತನಾಡಿತು. ಮರುವರ್ಷವೇ ಫಿನ್ಲೆಂಡಿನ ಮತ್ತು ಬ್ರಿಟನ್ನಿನ ಎರಡು ಸಂಸ್ಥೆಗಳು ಒಂದರ ಗಿರಾಕಿಯನ್ನು ಇನ್ನೊಂದು ತನ್ನ ಜಾಲದಲ್ಲಿ ಸೇರಿಸಿಕೊಳ್ಳುವ ಕರಾರು ಬರೆದವು. ಇದಕ್ಕೇ ರೋಮಿಂಗ್ ಎನ್ನುವುದು. ನಮ್ಮ ದೇಶವೂ ಬಹುಮಟ್ಟಿಗೆ ಇದೇ ಪದ್ಧತಿಯನ್ನು ಹಿಡಿದುದರಿಂದ ನಮ್ಮವರಿಗೆ ಯುರೋಪಿನ ಬಾಗಿಲು ಸುಲಭವಾಗಿ ತೆರೆಯಿತು. ಅಮೇರಿಕೆಯಲ್ಲಿ ಮಾತ್ರ ಹಾಗಾಗಲಿಲ್ಲ. ಅಲ್ಲಿಯ ಅಲೆಗಳ ಪಟ್ಟಿಯೇ ಬೇರೆ. ಮಧ್ಯಮ ಅಲೆಯನ್ನಷ್ಟೇ ಹಿಡಿಯುವ ರೇಡಿಯೋದಲ್ಲಿ ಕಿರುಅಲೆಯ ಕೇಂದ್ರವನ್ನು ಎಷ್ಟು ತಿರುವಿದರೂ ಹಿಡಿಯಲಾಗದೆಂಬುದು ನಿಮಗೆ ಗೊತ್ತಷ್ಟೆ. ಆಗಿನ ನಮ್ಮ ಮೊಬೈಲುಗಳು ಅಮೇರಿಕೆಯಲ್ಲಿ ಮೂಕವಾದುದು ಇದೇ ಕಾರಣಕ್ಕೆ.

ಇನ್ನು, ಪರದೇಶದ ಗಾಳಿಯು ನಮ್ಮ ಹುಡುಗನನ್ನು ಗುರುತಿಸುವುದು ಹೇಗೆಂಬುದಕ್ಕೆ ಬರೋಣ. ನಿಮ್ಮ ಮನೆಯ ರೇಡಿಯೋ ಯಾರದೆಂದು ಧಾರವಾಡದ ಆಕಾಶವಾಣಿಯು ಕೇಳುವುದಿಲ್ಲ. 1950ರ ಜನವರಿ 8ರಿಂದ ಅದು ನುಡಿಯುತ್ತಿದೆ, ಕಿವಿಯಿದ್ದವರೆಲ್ಲ ಕೇಳಬಹುದು. ಮೊಬೈಲೂ ಒಂದು ರೇಡಿಯೋವೇ, ಆದರೆ ಅದು ಮಾತನ್ನು ಕಳಿಸಲೂ ಬಲ್ಲುದು. ಆದುದರಿಂದ ಅದು ತಾನು ಯಾರೆಂದು ಹೇಳಿಕೊಳ್ಳಬೇಕು. ಆ ಗುರುತು ಬೆರಳುಗುರಿನಷ್ಟು ದೊಡ್ಡ ಸಿಮ್ಮಿನಲ್ಲಿದೆ. ಅದರೊಳಗಿನ ಸಂಖ್ಯೆಯ ಮೊದಲ ಮೂರು ಅಂಕಿಗಳು ದೇಶವನ್ನು ತಿಳಿಸುವುವು. ಜರ್ಮನಿಗೆ 262, ಬ್ರಿಟನ್ನಿಗೆ 234, ನಮಗೆ 404 ಇಲ್ಲವೆ 405. ಫ್ರಾಂಕ್‌ಫರ್ಟಿನ ಗೋಪುರವು ಈ ಅಂಕಿಗಳನ್ನು ನೋಡಿ, 'ಇವನು ಹಿಂದುಸ್ತಾನದವನು' ಎಂದು ತಿಳಿದು, ಇಲ್ಲಿಯ ಅವನ ಸಂಸ್ಥೆಯನ್ನು ಕೇಳುತ್ತದೆ: 'ಇವನು ನಿಮ್ಮವನು ಹೌದೆ? ಇವನ ಖರ್ಚಿಗೆ ನೀವು ಹೊಣೆಯೆ?' ಇಲ್ಲಿಯ ದಫ್ತರವು 'ಹೌದು' ಎನ್ನುವುದಲ್ಲದೆ, 'ನಮ್ಮ ಹುಡುಗ ಈಗ ಫ್ರಾಂಕ್‌ಫರ್ಟಿನಲ್ಲಿದ್ದಾನೆ' ಎಂದು ಬರೆದುಕೊಳ್ಳುತ್ತದೆ. ಅಲ್ಲಿಯ ದಫ್ತರವೂ ಅವನ ಹೆಸರಿಗೆ ಅತಿಥಿಗಳ ಪುಟದಲ್ಲಿ ಒಂದು ಸಾಲು ತೆಗೆಯುತ್ತದೆ. ಎಲ್ಲ ಕೆಲವು ಕ್ಷಣಗಳ ಮಾತು. ಪೋಸ್ಟ್ ರೆಸ್ಟಾಂಟಿನಲ್ಲಿ ಕಂಡ ಎರಡು ಸಂಗತಿಗಳೇ ಇವು ಅಲ್ಲವೆ? ಎಲ್ಲಿದ್ದಾನೆ ಎಂಬುದು ಮನೆಗೆ, ಯಾರು ಎಂಬುದು ಪರರಿಗೆ.

ಆದರೆ ಒಂದು ವಿಚಿತ್ರವುಂಟು. ಸಾಮಾನ್ಯವಾಗಿ ರೋಮಿಂಗಿನಲ್ಲಿ ಇಂಟರ್‌ನೆಟ್ಟಿನ ಸರಕು ಫ್ರಾಂಕ್‌ಫರ್ಟಿನಿಂದ ನೇರವಾಗಿ ಲೋಕಕ್ಕೆ ಹೋಗುವುದಿಲ್ಲ. ಮೊದಲು ಹಿಂದುಸ್ತಾನದ ತನ್ನ ಸಂಸ್ಥೆಯ ಬಾಗಿಲಿಗೆ ಬಂದು, ಅಲ್ಲಿಂದ ಹೊರಬೀಳುತ್ತದೆ. ಫ್ರಾಂಕ್‌ಫರ್ಟಿನ ರೈಲಿನ ವೇಳೆಯನ್ನು ಫ್ರಾಂಕ್‌ಫರ್ಟಿನಲ್ಲಿ ಕುಳಿತೇ ನೋಡಿದರೂ ಆ ಪ್ರಶ್ನೆಯು ಕಡಲು ದಾಟಿ ಬಂದು, ಉತ್ತರವು ಮತ್ತೆ ಕಡಲು ದಾಟಿ ಹೋಗುತ್ತದೆ. ತವರಿನವರ ಒಪ್ಪಿಗೆ ಕೇಳದೆ ನೆರೆಮನೆಗೂ ಹೋಗದ ಹೊಸ ಸೊಸೆಯಂತೆ! ಅಲ್ಲಿಯ ಸಂಸ್ಥೆಯು ಪ್ರತಿಯೊಂದು ತುಣುಕಿಗೂ ಲೆಕ್ಕ ಬರೆದು ಇಲ್ಲಿಯ ಸಂಸ್ಥೆಗೆ ಕಳಿಸುತ್ತದೆ; ಇಲ್ಲಿಯವರು ಅದರ ಮೇಲೆ ತಮ್ಮ ಲಾಭವನ್ನು ಇಟ್ಟು ಗಿರಾಕಿಗೆ ಬಿಲ್ಲು ಕಳಿಸುವರು. ಅಂಚೆಯವರಲ್ಲಿದ್ದ ಮುಯ್ಯದ ನ್ಯಾಯವು ಇಲ್ಲಿ ಇಲ್ಲ. ಗಿರಾಕಿಯು ಚೌಕಾಸಿ ಮಾಡಲಾರನು; ಏಕೆಂದರೆ ಅಲ್ಲಿಯವರು ಕೇಳಿದ ದರ ಅವನ ಕಣ್ಣಿಗೆ ಬೀಳುವುದೇ ಇಲ್ಲ.

ಇದರ ಸಣ್ಣ ರೂಪವನ್ನು ನಮ್ಮ ಬೆಳಗಾವಿಯ ಗಡಿಯವರು ಮನೆಯ ಹತ್ತಿರವೇ ಕಂಡಿದ್ದಾರೆ. ದೇಶವನ್ನು ದೂರಸಂಪರ್ಕದ ವೃತ್ತಗಳಾಗಿ ಹಂಚಿದ್ದುದರಿಂದ, ನಿಪ್ಪಾಣಿಯನ್ನು ದಾಟಿ ಕೊಲ್ಲಾಪುರದ ದಾರಿ ಹಿಡಿದೊಡನೆ ಮೊಬೈಲು 'ಮಹಾರಾಷ್ಟ್ರಕ್ಕೆ ಸ್ವಾಗತ' ಎನ್ನುತ್ತಿತ್ತು. ಆ ಸ್ವಾಗತಕ್ಕೂ ಬೆಲೆಯಿದ್ದಿತು. ಮಹಾರಾಷ್ಟ್ರದಿಂದ ಚಿದಂಬರ ಕ್ಷೇತ್ರಕ್ಕೆ ಬಂದ ಭಕ್ತರಿಗೆ ಮುರಗೋಡವೂ ಪರನಾಡೇ. 2016–17ರ ಹೊತ್ತಿಗೆ ದೊಡ್ಡ ಸಂಸ್ಥೆಗಳು ದೇಶದೊಳಗಿನ ಈ ಸುಂಕವನ್ನು ಕೈಬಿಟ್ಟಾಗ, 1854ರಲ್ಲಿ ಕಾಗದಕ್ಕೆ ಆದ ನ್ಯಾಯವು ಮೊಬೈಲಿಗೂ ಆಯಿತು.

ಈಗ ನನ್ನದೇ ಒಂದು ಮಾತು. 2012ರಲ್ಲಿ ನಾನು ಕೆಲವು ದಿನ ಜರ್ಮನಿಯಲ್ಲಿದ್ದೆ. ತಂದೆಯವರನ್ನು ಬೆಳಗಾವಿಯ ಆಸ್ಪತ್ರೆಗೆ ಸೇರಿಸಿದ ಸುದ್ದಿ ಬಂದಿತು. ಡಾಕ್ಟರರ ಕಾಗದಗಳನ್ನೂ ಚಿತ್ರಗಳನ್ನೂ ತಮ್ಮನು ಇ-ಮೇಲಿನಲ್ಲಿ ಕಳಿಸಿದ. ಮೊಬೈಲಿನ ಸಣ್ಣ ಪರದೆಯಲ್ಲಿ ಅವು ಓದಲು ಬಾರವು. ರೈಲು ನಿಲ್ದಾಣದಲ್ಲಿ ಕುಳಿತು ಲ್ಯಾಪ್‌ಟಾಪನ್ನು ಮೊಬೈಲಿಗೆ ಜೋಡಿಸಿ, ಕಾಗದಗಳನ್ನು ಇಳಿಸಿಕೊಂಡು ಓದಿದೆ. ಅಂದೇ ಊರಿಗೆ ಹೊರಡುವುದೆಂದು ನಿಶ್ಚಯಿಸಿದೆ. ತಂದೆಯವರು ಗುಣವಾದರು. ತಿಂಗಳು ಕಳೆದ ಮೇಲೆ ಬಿಲ್ಲು ಬಂದಿತು: ನನ್ನ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು! ವಿಚಾರಿಸಿದರೆ, ನಾನು ತಂದೆಯವರ ಕಾಗದಗಳನ್ನು ಓದುತ್ತಿದ್ದಾಗ ಲ್ಯಾಪ್‌ಟಾಪು ಒಳಗೊಳಗೇ ತನ್ನ ತಂತ್ರಾಂಶವನ್ನು ಹೊಸದು ಮಾಡಿಕೊಳ್ಳುತ್ತಿತ್ತಂತೆ. ಕಾಗದಗಳ ಪಾಲು ಅದರಲ್ಲಿ ಅತ್ಯಲ್ಪ. ಸಂಸ್ಥೆಯವರೊಡನೆ ವಾದಿಸಿದೆ, ಪತ್ರ ಬರೆದೆ, ಕೊನೆಗೆ ತೆತ್ತೆ. ಹಣ ಹೋದುದಕ್ಕಿಂತ ಒಂದು ಮಾತು ಈಗಲೂ ಚುಚ್ಚುತ್ತದೆ. ದರ ಮೊದಲೇ ತಿಳಿದಿದ್ದರೆ ನಾನು ಆ ಕಾಗದಗಳನ್ನು ತೆರೆಯಲು ಅಂಜುತ್ತಿದ್ದೆನೋ ಏನೋ! ತಂತಿಯ ಪದಗಳನ್ನು ಬೆರಳು ಮಡಿಚಿ ಎಣಿಸಿದ ನಮ್ಮ ಹಿರಿಯರ ಪಾಡೇ ನನ್ನದೂ ಆಗುತ್ತಿತ್ತು.

ಇದು ನನ್ನೊಬ್ಬನ ಗೋಳಲ್ಲ. ಯುರೋಪಿನ ಒಕ್ಕೂಟವು ತನ್ನ ನಾಗರಿಕರ ದೂರುಗಳನ್ನು ಕೇಳಿ ಕೇಳಿ, 2010ರಲ್ಲಿ 50 ಯೂರೋ ಮುಟ್ಟಿದೊಡನೆ ಇಂಟರ್‌ನೆಟ್ಟನ್ನು ತಡೆಹಿಡಿಯುವ ನಿಯಮ ಮಾಡಿತು. 2012ರಲ್ಲಿ ಒಂದು ಮೆಗಾಬೈಟಿಗೆ 70 ಸೆಂಟಿಗಿಂತ ಹೆಚ್ಚು ಕೇಳಕೂಡದೆಂದಿತು. ಇಂದಿನ ಒಂದು ಗಿಗಾಬೈಟಿಗೆ ಲೆಕ್ಕ ಹಾಕಿರಿ, ಸುಮಾರು 700 ಯೂರೋ! ಅದೂ ಕಾಯಿದೆಯು ಇಳಿಸಿದ ದರ. 2014ರಲ್ಲಿ ಅದು 20 ಸೆಂಟಿಗೆ ಬಂದಿತು. ಕೊನೆಗೆ 2017ರ ಜೂನ್ 15ರಿಂದ ಒಕ್ಕೂಟದ ದೇಶಗಳಲ್ಲಿ ಎಲ್ಲಿ ಹೋದರೂ ಮನೆಯ ದರವೇ ದರವೆಂದಾಯಿತು. ಬರ್ನಿನಲ್ಲಿ ಅಂಚೆಯವರು ಆಡಿದ ಮಾತನ್ನು ಮೊಬೈಲಿನವರಿಂದ ಆಡಿಸಲು 143 ವರ್ಷಗಳು ಬೇಕಾದುವು. ಅದೂ ಯುರೋಪಿನ ಸಿಮ್ಮಿದ್ದವರಿಗೆ ಮಾತ್ರ. ನಮ್ಮ ಸಿಮ್ಮು ಹೊತ್ತು ಹೋದವನಿಗೆ ಆ ಕಾಯಿದೆಯ ನೆರಳು ಇಲ್ಲ.

ಹಾಗಾದರೆ ಹೊರಟವರು ಏನು ಮಾಡಬೇಕು? ಇಂದು ಮೂರು ದಾರಿಗಳಿವೆ. ಮೊದಲನೆಯದು, ಊರಿನ ಸಿಮ್ಮಿಗೇ ಇಷ್ಟು ದಿನಕ್ಕೆ ಇಷ್ಟು ಹಣವೆಂದು ಹೊರಡುವ ಮೊದಲೇ ಗೊತ್ತುಪಡಿಸಿಕೊಳ್ಳುವುದು. ಎರಡನೆಯದು, ಹೋದಲ್ಲಿ ಪಾಸ್‌ಪೋರ್ಟು ತೋರಿಸಿ ಅಲ್ಲಿಯದೇ ಸಿಮ್ಮು ಕೊಳ್ಳುವುದು. ದಿನ ಹೆಚ್ಚಾಗಿದ್ದರೆ ಇದು ಅಗ್ಗ. ಮೂರನೆಯದು ಇ-ಸಿಮ್. 2017ರಿಂದ ಹೊಸ ಮೊಬೈಲುಗಳಿಗೆ ಬರತೊಡಗಿದ ಈ ಏರ್ಪಾಡಿನಲ್ಲಿ ಗುರುತಿನ ಚೂರನ್ನು ಬದಲಿಸಬೇಕಾಗಿಲ್ಲ. ಗುರುತನ್ನೇ ಇಂಟರ್‌ನೆಟ್ಟಿನ ಮೂಲಕ ಇಳಿಸಿಕೊಳ್ಳಬಹುದು. ಊರಿನ ಸಿಮ್ಮು ಬ್ಯಾಂಕಿನ ಗುಟ್ಟಿನ ಅಂಕಿಗಳಿಗಾಗಿ ಒಳಗೇ ಇರುತ್ತದೆ. ಅದರ ಇಂಟರ್‌ನೆಟ್ಟನ್ನು ಮಾತ್ರ ಆರಿಸಿಡಬೇಕು. ಯಾವ ದಾರಿ ಹಿಡಿದರೂ ಲ್ಯಾಪ್‌ಟಾಪಿಗೆ 'ಈ ಸಂಪರ್ಕವು ಅಳತೆಯದು' ಎಂದು ಮೊದಲೇ ತಿಳಿಸಿ, ಅದು ತಾನಾಗಿ ಹೊಸದಾಗುವುದನ್ನು ನಿಲ್ಲಿಸಿರಿ. ಮೊಬೈಲು ಸಣ್ಣ ಹೊಟ್ಟೆಯದು. ಲ್ಯಾಪ್‌ಟಾಪಿನದು ಬಕನ ಹೊಟ್ಟೆ. ಬಂಡಿ ಅನ್ನವನ್ನು ಅದು ಸದ್ದಿಲ್ಲದೆ ಉಂಡುಬಿಡುತ್ತದೆ.

ಮುರಗೋಡದ ಮನೆಯಲ್ಲಿ ಕುಳಿತವರಿಗೂ ಒಂದು ಮಾತು. ಮಗನು ಪರದೇಶದಿಂದ ಎರಡು ದಿನ ಮುಖ ತೋರಿಸದಿದ್ದರೆ ಮರೆತನೆಂದು ಕೊರಗಬೇಡಿರಿ. ಅವನು ಬೇಸರದಿಂದಲ್ಲ, ಬಿಲ್ಲಿನ ಅಂಜಿಕೆಯಿಂದ ಸುಮ್ಮನಿದ್ದಿರಬಹುದು. ಹೊರಡುವ ದಿನ ಬುತ್ತಿ ಕಟ್ಟುವಾಗ, ಅಲ್ಲಿ ಇಂಟರ್‌ನೆಟ್ಟಿಗೆ ಏನು ಏರ್ಪಾಡು ಮಾಡಿರುವೆ ಎಂದು ಕೇಳಿರಿ. ಒಂದು ಕಾಲಕ್ಕೆ ಅರ್ಧ ಆಣೆಯ ಚೀಟಿಗಳನ್ನು ಮಗನ ಟ್ರಂಕಿನಲ್ಲಿಟ್ಟು ಕಳಿಸಿದ ತಾಯಂದಿರೂ ಅದೇ ಪ್ರಶ್ನೆಯನ್ನು ಕೇಳುತ್ತಿದ್ದರು.